ಐದು ಡಾಲರಿನ ಶೇರು, ಹಳೇ ಬಾಯ್ಲರಿನ ಹಡಗು: ಗಾರ್ವಿ ಮೋಸ ಮಾಡಿದರಾ?

ಕೊಪ್ಪದ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಪ್ಪು ಜನರ ಹೋರಾಟ ಪಾಠ ಮಾಡುವಾಗ ನಾನು ಪ್ರತಿ ವರ್ಷ ಲಿಂಕನ್ ಹತ್ತಿರದಿಂದ ನೇರ ಮಾರ್ಟಿನ್ ಲೂಥರ್ ಕಿಂಗ್ ಹತ್ತಿರ ಹಾರುತ್ತಿದ್ದೆ. ನಡುವಿನ ನೂರು ವರ್ಷ ಖಾಲಿ. ಈ ಸಲ ಹಾಗೆ ಮಾಡಬಾರದು ಅಂತ ಓದಲು ಕೂತವನು ಮಾರ್ಕಸ್ ಗಾರ್ವಿ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ಗೊತ್ತಿಲ್ಲದವರಿಗೆ ನಾಲ್ಕು ಮಾತು. ಗಾರ್ವಿ ಹುಟ್ಟಿದ್ದು 1887ರಲ್ಲಿ, ಜಮೈಕಾದ ಸೇಂಟ್ ಆನ್ಸ್ ಬೇ ಎಂಬ ಊರಲ್ಲಿ. ಹುಡುಗನಾಗಿದ್ದಾಗಲೇ ಮುದ್ರಣದ ಕೆಲಸ ಕಲಿತ. ಕೋಸ್ಟರೀಕಾ, ಪನಾಮಾ, ಲಂಡನ್ ಎಲ್ಲ ಸುತ್ತಿದ. 1914ರಲ್ಲಿ ಊರಿಗೆ ವಾಪಸ್ ಬಂದು ಯೂನಿವರ್ಸಲ್ ನೀಗ್ರೋ ಇಂಪ್ರೂವ್‌ಮೆಂಟ್ ಅಸೋಸಿಯೇಷನ್ ಎಂಬ ಕಪ್ಪು ಜನರ ಸಂಘ ಕಟ್ಟಿದ. 1916ರಲ್ಲಿ ನ್ಯೂಯಾರ್ಕ್ ಸೇರಿದ. 1919ರಲ್ಲಿ ಬ್ಲ್ಯಾಕ್ ಸ್ಟಾರ್ ಲೈನ್ ಎಂಬ ಹಡಗು ಕಂಪನಿ ಶುರು ಮಾಡಿದ. ಕಪ್ಪು ಜನರದ್ದೇ ದುಡ್ಡು, ಕಪ್ಪು ಜನರದ್ದೇ ಹಡಗು. ಒಂದು ಶೇರಿಗೆ ಐದು ಡಾಲರ್. ಒಬ್ಬರಿಗೆ 200 ಶೇರಿಗಿಂತ ಜಾಸ್ತಿ ಇಲ್ಲ. ಕೊಂಡವರು ಯಾರು ಗೊತ್ತಾ? ಮನೆಕೆಲಸದ ಹೆಂಗಸರು, ಹೋಟೆಲ್ ಮಾಣಿಗಳು, ರೈಲ್ವೆ ಪೋರ್ಟರುಗಳು, ಪನಾಮಾ ಕಾಲುವೆ ತೋಡಿದ ಕೂಲಿಗಳು, ಕ್ಯೂಬಾದಲ್ಲಿ ಕಬ್ಬು ಕಡಿಯುವವರು. ಮೂರು ವರ್ಷ ತುಂಬುವ ಮೊದಲೇ ಕಂಪನಿ ಮುಚ್ಚಿತು. 1923ರಲ್ಲಿ ಅಂಚೆ ಮೂಲಕ ವಂಚನೆ ಅಂತ ಗಾರ್ವಿಗೆ ಐದು ವರ್ಷ ಶಿಕ್ಷೆ ಆಯಿತು.

ನನ್ನ ಪ್ರಶ್ನೆ ಇಷ್ಟೇ. ಇದು ಮೋಸವೋ, ದಡ್ಡತನವೋ? ಕೇಳುವುದಕ್ಕೆ ಕಾರಣ ಇದೆ. ನಮ್ಮ ಅಜ್ಜಿ ಅಡಿಕೆ ಸುಲಿದು ಕೂಡಿಟ್ಟ ದುಡ್ಡನ್ನು ತೊಂಬತ್ತರ ದಶಕದಲ್ಲಿ ಒಂದು ಫೈನಾನ್ಸ್‌ನಲ್ಲಿ ಇಟ್ಟಿದ್ದರು. ಒಂದು ದಿನ ಬೆಳಿಗ್ಗೆ ನೋಡಿದರೆ ಆಫೀಸಿಗೆ ಬೀಗ. ಆಮೇಲೆ ಅಜ್ಜಿ ಯಾರ ಹತ್ತಿರವೂ ಆ ವಿಷಯ ಮಾತಾಡಲಿಲ್ಲ. ಗಾರ್ವಿ ಕಥೆ ಓದುವಾಗ ನನಗೆ ಆ ಬೀಗವೇ ಕಣ್ಣಿಗೆ ಬರುತ್ತಿದೆ.

ಡೆಬಿಟ್ ಕ್ರೆಡಿಟ್:
ಮೇಷ್ಟ್ರೇ, ನಾನು ಮೂವತ್ತು ವರ್ಷ ಸಹಕಾರ ಸಂಘಗಳ ಆಡಿಟ್ ಮಾಡಿದವನು. ಇಂಥ ಕಥೆಯ ಮೊದಲ ಪುಟ ನೋಡಿದರೆ ಕೊನೆ ಪುಟ ಹೇಳುತ್ತೇನೆ.

ಲೆಕ್ಕ ನೋಡಿ. ಮೊದಲ ಹಡಗು ಯಾರ್ಮೌತ್. ಕೊಟ್ಟ ಬೆಲೆ 1,65,000 ಡಾಲರ್. ಎರಡು ವರ್ಷದ ಮೇಲೆ ಗುಜರಿಗೆ ಹೋದದ್ದು 1,625 ಡಾಲರಿಗೆ. ನೂರಕ್ಕೆ ಒಂದು ರೂಪಾಯಿಯೂ ಬರಲಿಲ್ಲ. ಎರಡನೆಯದು ಶೇಡಿಸೈಡ್, ಹಡ್ಸನ್ ನದಿಯಲ್ಲಿ ಜನರನ್ನು ಪಿಕ್‌ನಿಕ್ ಕರೆದುಕೊಂಡು ಹೋಗುವ ದೋಣಿ. 35,000 ಕೊಟ್ಟರು. ಒಂದು ಬೇಸಿಗೆ ಓಡಿತು, ಮುಂದಿನ ಚಳಿಗಾಲದಲ್ಲಿ ನಿಂತಲ್ಲೇ ಮುಳುಗಿತು. ಮೂರನೆಯದು ಕನಾವಾ, ಒಬ್ಬ ಎಣ್ಣೆ ಕುಬೇರನ ಹಳೇ ವಿಹಾರ ನೌಕೆ. 60,000. ಅದನ್ನು ಕ್ಯೂಬಾದಲ್ಲಿ ಬಿಟ್ಟು ಬಂದರು. ಒಟ್ಟು ಸುಮಾರು 35,000 ಶೇರುದಾರರ ಏಳೂವರೆ ಲಕ್ಷ ಡಾಲರ್ ನೀರಿಗೆ.

ಮೊದಲ ಹಡಗಿನ ಕ್ಯಾಪ್ಟನ್ ಜೋಶುವಾ ಕಾಕ್‌ಬರ್ನ್ ಆ ವ್ಯಾಪಾರದಲ್ಲಿ ದಲ್ಲಾಳಿಯಿಂದ ಕಮಿಷನ್ ತಗೊಂಡದ್ದು ಆಮೇಲೆ ಕೋರ್ಟಿನಲ್ಲಿ ಹೊರಬಿತ್ತು. ಇನ್ನೇನು ಬೇಕು?

ಕಡಲಕೋಳಿ:
ಮಾರಾಯ್ರೆ, ಲೆಕ್ಕದವರು ಹಡಗಿನ ಬಗ್ಗೆ ಮಾತಾಡುವಾಗ ಬಾಯ್ಲರ್ ಬಿಟ್ಟುಬಿಡುತ್ತೀರಿ! ನಾನು ಇಪ್ಪತ್ತೆರಡು ವರ್ಷ ಎಂಜಿನ್ ರೂಮಲ್ಲಿ ಬೆವರು ಸುರಿಸಿದವನು. ಹೇಳ್ತೇನೆ ಕೇಳಿ.

ಯಾರ್ಮೌತ್ ಸ್ಕಾಟ್ಲೆಂಡಿನಲ್ಲಿ ಕಟ್ಟಿದ ಹಡಗು, 1887ರದ್ದು. ಗಾರ್ವಿಗೂ ಅದಕ್ಕೂ ಒಂದೇ ವಯಸ್ಸು! ಮನುಷ್ಯನಿಗೆ 32 ಅಂದರೆ ಯೌವನ. ಆ ಕಾಲದ ಉಗಿಹಡಗಿಗೆ 32 ಅಂದರೆ ಊರುಗೋಲು. ಅದರಲ್ಲಿ ಅಧಿಕಾರಿಯಾಗಿದ್ದ ಹ್ಯೂ ಮುಲ್ಜ್ಯಾಕ್ ಆಮೇಲೆ ಬರೆದಿದ್ದಾರೆ: ಬಾಯ್ಲರ್ ಕೆಟ್ಟಿತ್ತು, ತಳ ಸವೆದಿತ್ತು, 25,000 ಡಾಲರಿಗಿಂತ ಒಂದು ಕಾಸು ಜಾಸ್ತಿ ಬಾಳುತ್ತಿರಲಿಲ್ಲ ಅಂತ.

ಆದರೆ 1919ರಲ್ಲಿ ಹಡಗಿನ ಮಾರುಕಟ್ಟೆ ಹೇಗಿತ್ತು ಅಂತಲೂ ನೋಡಬೇಕು. ಯುದ್ಧ ಆಗಷ್ಟೇ ಮುಗಿದಿತ್ತು. ಜಲಾಂತರ್ಗಾಮಿಗಳು ಸಾವಿರಾರು ಹಡಗು ಮುಳುಗಿಸಿದ್ದವು. ತೇಲುವ ಡಬ್ಬಕ್ಕೂ ಚಿನ್ನದ ಬೆಲೆ. ಒಂದೆರಡು ವರ್ಷದಲ್ಲಿ ಬೆಲೆ ದಬಕ್ಕಂತ ಬಿತ್ತು. ಇವರು ತುದಿಯಲ್ಲಿ ಕೊಂಡರು, ಬುಡದಲ್ಲಿ ಮಾರಿದರು. ಆ ವರ್ಷ ಅನುಭವ ಇದ್ದ ಬಿಳಿ ಕಂಪನಿಗಳೂ ಕೈ ಸುಟ್ಟುಕೊಂಡಿವೆ. ಅವರಿಗೆ ಸಾಲ ಕೊಡಲು ಬ್ಯಾಂಕ್ ಇತ್ತು, ಇವರಿಗೆ ಇರಲಿಲ್ಲ. ಅದೇ ವ್ಯತ್ಯಾಸ.

ಧಾರವಾಡ ಪೇಡಾ:
ಅಲ್ರೀ, ವಿಸ್ಕಿ ಕಥೆ ಯಾರೂ ಹೇಳಲಿಲ್ಲ? ನಾನು ಅದಕ್ಕೇ ಕಾಯುತ್ತಿದ್ದೆ.

ಕಡಲಕೋಳಿ:
ಹೇಳ್ತೇನೆ, ನಗಬೇಡಿ. 1920ರ ಜನವರಿ 17ಕ್ಕೆ ಅಮೆರಿಕದಲ್ಲಿ ಪಾನನಿಷೇಧ ಜಾರಿ. ಅದರೊಳಗೆ ಸರಕನ್ನು ದೇಶದಿಂದ ಹೊರಗೆ ಹಾಕಬೇಕು ಅಂತ ಮದ್ಯದ ವ್ಯಾಪಾರಿಗಳಿಗೆ ಅವಸರ. ಯಾರ್ಮೌತ್ ಹವಾನಾಕ್ಕೆ ವಿಸ್ಕಿ ಒಯ್ಯಲು ಒಪ್ಪಿಕೊಂಡಿತು. ಬಾಡಿಗೆ ತೀರಾ ಕಮ್ಮಿ. ಸರಕಿಗೆ ಏನಾದರೂ ಆದರೆ ಹೊಣೆ ಕಂಪನಿಯದ್ದು. ಗಡಿಬಿಡಿಯಲ್ಲಿ ಪೆಟ್ಟಿಗೆ ತುಂಬಿದರು, ಸರಿಯಾಗಿ ಕಟ್ಟಲಿಲ್ಲ. ಹೊರಟ ಸ್ವಲ್ಪ ಹೊತ್ತಿಗೇ ಸರಕು ಒಂದು ಕಡೆ ಸರಿದು ಹಡಗು ವಾಲಿತು. ಭಾರ ಇಳಿಸಲು ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು. ಎಸೆದದ್ದನ್ನು ಎತ್ತಿಕೊಳ್ಳಲು ಸಣ್ಣ ದೋಣಿಗಳು ಸುತ್ತ ಹಾಜರ್! ಹಡಗು ನ್ಯೂಯಾರ್ಕಿಗೆ ವಾಪಸ್ ಬಂದು, ರಿಪೇರಿ ಮಾಡಿಸಿಕೊಂಡು ಮತ್ತೆ ಹೊರಟಿತು. ಹವಾನಾ ತಲುಪಿದರೆ ಅಲ್ಲಿ ಬಂದರು ಕೂಲಿಗಳ ಮುಷ್ಕರ. ಹಡಗು ಸುಮ್ಮನೆ ನಿಂತರೂ ಖರ್ಚು ನಿಲ್ಲುವುದಿಲ್ಲ.

ತೆಂಗಿನಕಾಯಿ ಕಥೆ ಇದಕ್ಕಿಂತ ಬೇಜಾರು. ಅದೇ ಪ್ರಯಾಣದಲ್ಲಿ ಜಮೈಕಾದಿಂದ 700 ಟನ್ ಕಾಯಿ ತುಂಬಿಕೊಂಡು ಬರುತ್ತಿದ್ದರು. ಒಳ್ಳೇ ಸರಕು, ಬೇಗ ಮುಟ್ಟಿಸಿದರೆ ದುಡ್ಡು. ಕೇಂದ್ರ ಕಚೇರಿಯಿಂದ ಆದೇಶ ಬಂತು: ಫಿಲಡೆಲ್ಫಿಯಾ, ಬಾಸ್ಟನ್‌ಗಳಲ್ಲಿ ನಿಲ್ಲಿಸಿ, ಜನ ಹಡಗು ನೋಡಬೇಕು, ಶೇರು ಮಾರಬೇಕು. ನ್ಯೂಯಾರ್ಕ್ ಮುಟ್ಟುವಾಗ ಕಾಯಿ ಕೊಳೆತಿತ್ತು. ನಮ್ಮ ಕರಾವಳಿಯವರಿಗೆ ಕೊಳೆತ ಕಾಯಿಯ ವಾಸನೆ ಬಿಡಿಸಿ ಹೇಳಬೇಕಾಗಿಲ್ಲ.

ಡೆಬಿಟ್ ಕ್ರೆಡಿಟ್:
ನೋಡಿದಿರಾ? ಇದೇ ನಾನು ಹೇಳಿದ್ದು. ಸರಕು ಸಾಗಿಸಿ ಲಾಭ ಮಾಡುವ ಉದ್ದೇಶ ಇದ್ದವನು ಕಾಯಿ ಕೊಳೆಯಲು ಬಿಡುವುದಿಲ್ಲ. ಹಡಗು ತೋರಿಸಿ ಶೇರು ಮಾರು, ಶೇರಿನ ದುಡ್ಡಲ್ಲಿ ಹಡಗು ಓಡಿಸು. ಇದು ಚಕ್ರ. ಚಕ್ರ ನಿಂತ ದಿನ ಬೀಗ.

ಶರಾವತಿ ಹುಡುಗಿ:
ಸರ್, ಸ್ವಲ್ಪ ನಿಲ್ಲಿ. ಕಾಯಿ ಯಾಕೆ ಕೊಳೆಯಿತು ಅಂತ ಹೇಳಿದಿರಿ. ಹಡಗು ನೋಡಲು ಜನ ಯಾಕೆ ಬಂದರು ಅಂತ ಯಾರೂ ಕೇಳಲಿಲ್ಲ.

1917ರಲ್ಲಿ ಈಸ್ಟ್ ಸೇಂಟ್ ಲೂಯಿಸ್ ಊರಲ್ಲಿ ಬಿಳಿ ಗುಂಪುಗಳು ಕಪ್ಪು ಕೇರಿಗಳಿಗೆ ಬೆಂಕಿ ಇಟ್ಟವು. 1919ರ ಫೆಬ್ರವರಿಯಲ್ಲಿ ಫ್ರಾನ್ಸ್‌ನಲ್ಲಿ ಹೋರಾಡಿ ಬಂದ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ 369ನೇ ರೆಜಿಮೆಂಟ್ ಅಲ್ಲಿನ ಫಿಫ್ತ್ ಅವೆನ್ಯೂನಲ್ಲಿ ಮೆರವಣಿಗೆ ಹೋಯಿತು. ಅದೇ ವರ್ಷದ ಬೇಸಿಗೆಯಲ್ಲಿ ಶಿಕಾಗೋ, ವಾಷಿಂಗ್ಟನ್ ಸೇರಿ ಹತ್ತಾರು ಊರುಗಳಲ್ಲಿ ಮತ್ತೆ ಗಲಭೆ, ಕೊಲೆ. ಯುದ್ಧಕ್ಕೆ ಹೋಗಿ ಬಂದವನಿಗೂ ಬೀದಿಯಲ್ಲಿ ಜೀವಕ್ಕೆ ಗ್ಯಾರಂಟಿ ಇಲ್ಲ. ಆಗ ಒಬ್ಬ ಬಂದು, ಬೇಡುವುದನ್ನು ನಿಲ್ಲಿಸಿ, ನಮ್ಮದೇ ಅಂಗಡಿ, ನಮ್ಮದೇ ಪತ್ರಿಕೆ, ನಮ್ಮದೇ ಹಡಗು ಮಾಡೋಣ ಅಂದರೆ ಹೇಗಿರುತ್ತದೆ?

ಹಡಗೇ ಯಾಕೆ ಅಂತಲೂ ಯೋಚಿಸಿ. ಆ ಜನರನ್ನು ಆ ಖಂಡಕ್ಕೆ ತಂದದ್ದು ಹಡಗು.

ಕಡಲಕೋಳಿ:
ಈ ಕೊನೇ ಸಾಲು ಓದಿ ಒಂದು ನಿಮಿಷ ಸುಮ್ನೆ ಕೂತೆ ತಂಗೀ.

ಮುಲ್ಜ್ಯಾಕ್ ಹೇಳುವ ಇನ್ನೊಂದು ಸಂಗತಿ ಉಂಟು. ಪನಾಮಾದ ಬೊಕಾಸ್ ಡೆಲ್ ಟೋರೋ ಅಂತ ಒಂದು ಬಂದರು. ಬಾಳೆ ತೋಟಗಳ ಜಾಗ. ಯಾರ್ಮೌತ್ ಬರುವ ದಿನ ಕೂಲಿಗಳು ಗುಡ್ಡದಿಂದ ಕುದುರೆ, ಕತ್ತೆ, ಗಾಡಿ ಏರಿ ಸಾವಿರಗಟ್ಟಲೆ ಇಳಿದು ಬಂದರು. ಕೈಯಲ್ಲಿ ಹೂವು, ಹಣ್ಣು. ಯುನೈಟೆಡ್ ಫ್ರೂಟ್ ಕಂಪನಿ ಹೇಗೂ ಯಾರೂ ಕೆಲಸಕ್ಕೆ ಬರುವುದಿಲ್ಲ ಅಂತ ರಜೆ ಕೊಟ್ಟು ರೈಲೂ ಬಿಟ್ಟಿತು. ಆ ಕಂಪನಿ ಯಾರಿಗೂ ಸುಮ್ನೆ ರಜೆ ಕೊಡುವಂಥದ್ದಲ್ಲ.

ನನಗೆ ಅನಿಸುವುದು ಇಷ್ಟು. ಗಾರ್ವಿ ಕೊಂಡದ್ದು ತೇರು. ತೇರನ್ನು ಯಾರೂ ಸರಕು ಸಾಗಿಸಲು ಕಟ್ಟುವುದಿಲ್ಲ. ಅದು ಬೀದಿಯಲ್ಲಿ ನಿಲ್ಲುತ್ತ ನಿಲ್ಲುತ್ತಲೇ ಹೋಗಬೇಕು. ಪ್ರತಿ ಮನೆಯವರೂ ಹಗ್ಗ ಮುಟ್ಟಬೇಕು.

ಡೆಬಿಟ್ ಕ್ರೆಡಿಟ್:
ಚೆನ್ನಾಗಿ ಹೇಳಿದಿರಿ. ಒಂದೇ ತೊಂದರೆ. ತೇರಿಗೆ ವಂತಿಗೆ ಎತ್ತುತ್ತಾರೆ, ಶೇರು ಮಾರುವುದಿಲ್ಲ. ಲಾಭಾಂಶ ಬರುತ್ತದೆ ಅಂತ ಯಾವ ಧರ್ಮದರ್ಶಿಯೂ ಹೇಳುವುದಿಲ್ಲ. ಮನೆಕೆಲಸದ ಹೆಂಗಸಿಗೆ ಇದು ವ್ಯಾಪಾರ ಅಂತ ಹೇಳಿ ದುಡ್ಡು ತಗೊಂಡ ಮೇಲೆ ಇದು ತೇರು ಅನ್ನುವುದು ಸರಿಯಾ?

ಧಾರವಾಡ ಪೇಡಾ:
ಇದಕ್ಕೆ ಉತ್ತರ ಕೊಡ್ರಿ ಕಡಲಣ್ಣ. ನಾನು ಚಹಾ ಮಾಡಿಕೊಂಡು ಬರುತ್ತೇನೆ.

ನೀಲಿಬಾವುಟ:
ಒಂದು ಮಾತು. ಮೇಲೆ ಮೇಷ್ಟ್ರು ‘ಕಟ್ಟಿದ, ಸೇರಿದ’ ಅಂತ ಏಕವಚನದಲ್ಲಿ ಬರೆದಿದ್ದಾರೆ. ಲಿಂಕನ್ ಬಗ್ಗೆ ಬರೆಯುವಾಗಲೂ ಹಾಗೇ ಬರೆಯುತ್ತೀರಾ ಸರ್?

ಕೊಪ್ಪದ ಮೇಷ್ಟ್ರು:
ಇಲ್ಲ, ಲಿಂಕನ್ ‘ಅವರು’ ಅಂತಲೇ ಬರೆಯುತ್ತೇನೆ. ಸರಿಯಾಗಿ ಹಿಡಿದಿರಿ. ಮುಂದೆ ತಿದ್ದಿಕೊಳ್ಳುತ್ತೇನೆ. ಮೇಲಿನದನ್ನು ಹಾಗೇ ಬಿಡುತ್ತೇನೆ, ನಿಮ್ಮ ಮಾತಿಗೆ ಅರ್ಥ ಉಳಿಯಲಿ.

ನೀಲಿಬಾವುಟ:
ಧನ್ಯವಾದ. ಈಗ ಮೊಕದ್ದಮೆ ವಿಷಯ. ಮೋಸ ಮೋಸ ಅನ್ನುತ್ತಿದ್ದೀರಿ. ಕೋರ್ಟಿನಲ್ಲಿ ಸಾಬೀತಾದದ್ದು ಏನು ಅಂತ ನೋಡೋಣ.

ಆಪಾದನೆಯ ಬುಡ ಒಂದು ಪ್ರಚಾರ ಪತ್ರ. ಅದರಲ್ಲಿ ಒಂದು ಹಡಗಿನ ಚಿತ್ರ, ಮೈಮೇಲೆ ಫಿಲಿಸ್ ವೀಟ್ಲಿ ಎಂಬ ಹೆಸರು. ಆ ಹಡಗು ನಿಜಕ್ಕೂ ಒರಾಯನ್. ಕೊಳ್ಳುವ ಮಾತುಕತೆ ನಡೆಯುತ್ತಿತ್ತು, ಕೊಂಡಿರಲಿಲ್ಲ. ಇದು ತಪ್ಪು, ಒಪ್ಪುತ್ತೇನೆ. ಗಾರ್ವಿ ಜೊತೆ ಇನ್ನೂ ಮೂವರ ಮೇಲೆ ಕೇಸ್ ಇತ್ತು. ಮೂವರೂ ಖುಲಾಸೆ. ಒಬ್ಬರೇ ಜೈಲಿಗೆ. ಯಾವ ಪುರಾವೆ ಮೇಲೆ? ಬೆನ್ನಿ ಡ್ಯಾನ್ಸಿ ಎಂಬ ಕೆಲಸಗಾರರಿಗೆ ಅಂಚೆಯಲ್ಲಿ ಬಂದಿತ್ತು ಅನ್ನುವ ಒಂದು ಲಕೋಟೆ. ಒಳಗೆ ಏನೂ ಇಲ್ಲ. ಖಾಲಿ ಲಕೋಟೆ! ಅದರಲ್ಲಿ ಏನಿತ್ತು ಅಂತ ಡ್ಯಾನ್ಸಿಗೆ ನೆನಪೂ ಇರಲಿಲ್ಲ.

ಇದರ ಹಿಂದೆ ಯಾರಿದ್ದರು ಅಂತಲೂ ಹೇಳಬೇಕಲ್ವಾ? 1919ರ ಅಕ್ಟೋಬರಿನಲ್ಲೇ ಸರ್ಕಾರದ ತನಿಖಾ ಇಲಾಖೆಯ (ಮುಂದೆ ಎಫ್‌ಬಿಐ ಆದದ್ದು) ಜೆ. ಎಡ್ಗರ್ ಹೂವರ್ ಒಂದು ಟಿಪ್ಪಣಿ ಬರೆದಿದ್ದರು. ಗಡೀಪಾರು ಮಾಡೋಣ ಅಂದರೆ ಈ ಮನುಷ್ಯ ಇನ್ನೂ ಯಾವ ಫೆಡರಲ್ ಕಾನೂನೂ ಮುರಿದಿಲ್ಲವಲ್ಲ ಅನ್ನುವ ಬೇಸರ ಅದರಲ್ಲಿ. ಮೊದಲು ಆಳು ಗೊತ್ತಾಗಿದೆ, ಆಮೇಲೆ ಅಪರಾಧ ಹುಡುಕಿದ್ದಾರೆ. ಸಂಘದೊಳಗೆ ನುಗ್ಗಿಸಲು ಜೇಮ್ಸ್ ವರ್ಮ್ಲಿ ಜೋನ್ಸ್ ಅವರನ್ನು ನೇಮಿಸಿಕೊಂಡರು. ಆ ಇಲಾಖೆಯ ಮೊದಲ ಕಪ್ಪು ಏಜೆಂಟ್ ಆತ. ಗುಪ್ತ ಸಂಖ್ಯೆ 800.

2025ರ ಜನವರಿಯಲ್ಲಿ ಅಧ್ಯಕ್ಷ ಬೈಡನ್ ಗಾರ್ವಿಯವರಿಗೆ ಮರಣೋತ್ತರ ಕ್ಷಮಾದಾನ ಕೊಟ್ಟರು. ಸುಮಾರು 102 ವರ್ಷ ತಡವಾಗಿ.

ಡೆಬಿಟ್ ಕ್ರೆಡಿಟ್:
ಸರ್, ಕೇಸ್ ದುರ್ಬಲ ಅನ್ನುವುದನ್ನು ಒಪ್ಪಿದೆ. ಕ್ಷಮಾದಾನ ಅಂದರೆ ನಿರಪರಾಧಿ ಅಂತ ತೀರ್ಪು ಅಲ್ಲ. ಇನ್ನೊಂದು ಮಾತು: ಗಾರ್ವಿ ಮೊದಲ ದಿನವೇ ವಕೀಲರನ್ನು ಕಳಿಸಿಬಿಟ್ಟು ತಾವೇ ವಾದಿಸಿದರು. ಜೂರಿ ಎದುರು ಭಾಷಣ ಬಿಗಿದರು. ಕೋರ್ಟನ್ನೂ ಸಭೆ ಅಂದುಕೊಂಡರು.

ಶರಾವತಿ ಹುಡುಗಿ:
ಅದು ನಿಜ. ಅವರ ಮಟ್ಟಿಗೆ ಎಲ್ಲವೂ ಸಭೆಯೇ. 1920ರ ಆಗಸ್ಟಿನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 25,000 ಜನ ಸೇರಿದ್ದರು. ಕೆಂಪು, ಕಪ್ಪು, ಹಸಿರು ಬಾವುಟ ಅಲ್ಲಿಂದಲೇ ಬಂತು. ಹಕ್ಕುಗಳ ಘೋಷಣೆಯೂ ಅಲ್ಲೇ. ಗಾರ್ವಿಗೆ ಆಫ್ರಿಕಾದ ತಾತ್ಕಾಲಿಕ ಅಧ್ಯಕ್ಷ ಅನ್ನುವ ಬಿರುದು. ಗರಿ ಟೋಪಿ, ಸಮವಸ್ತ್ರ, ಬಿಳಿ ಉಡುಪಿನ ಬ್ಲ್ಯಾಕ್ ಕ್ರಾಸ್ ನರ್ಸ್‌ಗಳು. ಕಾರ್ಟೂನು ಬರೆಯುವವರಿಗೆ ಹಬ್ಬ.

ಆದರೆ ಗಾರ್ವಿ ಅಂದರೆ ಗರಿ ಟೋಪಿ ಮಾತ್ರ ಅಂತ ಬರೆಯುವವರು ಹೆಂಗಸರ ಕೆಲಸ ನೋಡಿಲ್ಲ. 1914ರಲ್ಲಿ ಸಂಘ ಕಟ್ಟುವಾಗ ಜೊತೆಗಿದ್ದವರು ಏಮಿ ಆಶ್‌ವುಡ್. 1919ರಲ್ಲಿ ಟೈಲರ್ ಎಂಬಾತ ಕಚೇರಿಗೆ ನುಗ್ಗಿ ಗಾರ್ವಿಗೆ ಗುಂಡು ಹಾರಿಸಿದಾಗ ಅಡ್ಡ ಬಂದವರೂ ಅವರೇ. ಹೆನ್ರಿಯೆಟ್ಟಾ ವಿಂಟನ್ ಡೇವಿಸ್ ರಂಗನಟಿ, ಶೇಕ್ಸ್‌ಪಿಯರ್ ಓದಿ ಸಭೆ ಹಿಡಿಯುತ್ತಿದ್ದವರು. ಅದನ್ನು ಬಿಟ್ಟು ಹಡಗು ಕಂಪನಿಯ ನಿರ್ದೇಶಕಿ ಆದರು, ಯಾರ್ಮೌತ್ ಹತ್ತಿ ದ್ವೀಪ ದ್ವೀಪ ಸುತ್ತಿದರು. ಎರಡನೇ ಹೆಂಡತಿ ಏಮಿ ಜಾಕ್ಸ್ ಇಲ್ಲದಿದ್ದರೆ ಗಾರ್ವಿಯ ಮಾತು ನಮಗೆ ಸಿಗುತ್ತಲೇ ಇರಲಿಲ್ಲ. ಭಾಷಣಗಳನ್ನು ಸೇರಿಸಿ 1923 ಮತ್ತು 1925ರಲ್ಲಿ ಎರಡು ಸಂಪುಟ ಮಾಡಿದವರು ಅವರು. ಗಂಡ ಜೈಲಿನಲ್ಲಿ, ಹೆಂಡತಿ ಪತ್ರಿಕೆ ನೋಡಿಕೊಂಡು, ಊರೂರು ಸುತ್ತಿ ನಿಧಿ ಎತ್ತಿ, ಪುಸ್ತಕ ಅಚ್ಚು ಹಾಕಿಸಿ... ಗಾರ್ವಿ ಕಥೆಯಲ್ಲಿ ಇವರು ಅಡಿಟಿಪ್ಪಣಿ!

ಹಾರ್ಲೆಮ್ ಪಕ್ಕದಮನೆ:
ತಡವಾಗಿ ಬಂದೆ. ನಾನು ಹನ್ನೊಂದು ವರ್ಷದಿಂದ ನ್ಯೂಯಾರ್ಕಿನಲ್ಲಿ ಇದ್ದೇನೆ. ಮಾರ್ಕಸ್ ಗಾರ್ವಿ ಪಾರ್ಕ್ ಪಕ್ಕದಲ್ಲೇ ಓಡಾಡುತ್ತೇನೆ. ಮೊದಲು ಅದು ಮೌಂಟ್ ಮಾರಿಸ್ ಪಾರ್ಕ್, 1973ರಲ್ಲಿ ಹೆಸರು ಬದಲಾಯಿತು.

ಎಲ್ಲರೂ ಹಡಗೇ ಹಿಡಿದುಕೊಂಡಿದ್ದೀರಿ. ಹಡಗಿನ ಜೊತೆ ನೀಗ್ರೋ ಫ್ಯಾಕ್ಟರೀಸ್ ಕಾರ್ಪೊರೇಷನ್ ಅಂತ ಇನ್ನೊಂದು ಕಂಪನಿ ಇತ್ತು. (ಆ ಕಾಲದಲ್ಲಿ ಅವರೇ ನೀಗ್ರೋ ಅನ್ನುವ ಪದವನ್ನು ಹೆಮ್ಮೆಯಿಂದ ಬಳಸುತ್ತಿದ್ದರು, ಈಗ ಇಲ್ಲಿ ಯಾರೂ ಬಳಸುವುದಿಲ್ಲ.) ದಿನಸಿ ಅಂಗಡಿ, ಊಟದ ಹೋಟೆಲ್, ಉಗಿ ಲಾಂಡ್ರಿ, ಹೊಲಿಗೆ, ಮುದ್ರಣ. ಮಕ್ಕಳಿಗೆ ಕಪ್ಪು ಗೊಂಬೆ ಕೂಡ ಮಾರಿದರು. ಈ ಗೊಂಬೆ ವಿಷಯ ನನಗೆ ಎಲ್ಲಕ್ಕಿಂತ ಇಷ್ಟ. ನನ್ನ ಮಗಳಿಗೆ ಇಲ್ಲಿ ನಮ್ಮ ಬಣ್ಣದ ಗೊಂಬೆ ಹುಡುಕಿ ಸುಸ್ತಾಗಿದ್ದೆ. ನೂರು ವರ್ಷದ ಹಿಂದೆಯೇ ಯಾರೋ ಆ ಬಗ್ಗೆ ತಲೆ ಕೆಡಿಸಿಕೊಂಡಿದ್ದರು ಅಂತ ತಿಳಿದಾಗ ಒಂಥರಾ ಆಯಿತು.

ಡೆಬಿಟ್ ಕ್ರೆಡಿಟ್:
ಇಲ್ಲಿ ನಾನು ಒಂದು ಒಳ್ಳೇ ಮಾತು ಹೇಳಬೇಕು, ಇಲ್ಲದಿದ್ದರೆ ಪೇಡಾ ಅವರು ನನ್ನನ್ನು ವಿಲನ್ ಮಾಡುತ್ತಾರೆ. ಸಂಘದ ಚಂದಾ ತಿಂಗಳಿಗೆ 35 ಸೆಂಟ್. ಅದರಿಂದ ಕಾಯಿಲೆ ಬಿದ್ದರೆ ಸಹಾಯ, ಸತ್ತರೆ ಮಣ್ಣಿಗೆ ದುಡ್ಡು. ಬಿಳಿಯರ ವಿಮಾ ಕಂಪನಿಗಳು ಹತ್ತಿರ ಸೇರಿಸದ ಜನರಿಗೆ ಇದು ದೊಡ್ಡದು. ಹಡಗಿಲ್ಲದೆ ಇಷ್ಟೇ ಮಾಡಿದ್ದರೆ ಸಂಘ ಐವತ್ತು ವರ್ಷ ಬಾಳುತ್ತಿತ್ತು ಅನ್ನುವುದು ನನ್ನ ಅಂದಾಜು.

ನೀಲಿಬಾವುಟ:
ಬಾಳುತ್ತಿತ್ತು, ಸರಿ. ಆದರೆ ಯಾರಿಗೂ ಅದರ ಹೆಸರು ಗೊತ್ತಿರುತ್ತಿರಲಿಲ್ಲ. ಮಣ್ಣಿನ ಖರ್ಚು ಕೊಡುವ ಸಂಘಗಳು ಆಗಲೇ ಬೇಕಾದಷ್ಟು ಇದ್ದವು.

ಧಾರವಾಡ ಪೇಡಾ:
ಚಹಾ ಆಯಿತು. ಈಗ ನನ್ನ ಖಾರ. ಎಲ್ಲರೂ ಗಾರ್ವಿಯನ್ನು ಹೊಗಳುತ್ತ ಹೊಂಟೀರಿ. 1922ರ ಜೂನ್‌ನಲ್ಲಿ ಈ ಮನುಷ್ಯ ಅಟ್ಲಾಂಟಾಕ್ಕೆ ಹೋಗಿ ಕು ಕ್ಲಕ್ಸ್ ಕ್ಲಾನ್ ಮುಖಂಡ ಎಡ್ವರ್ಡ್ ಯಂಗ್ ಕ್ಲಾರ್ಕ್‌ನನ್ನು ಭೇಟಿ ಮಾಡಿದರಲ್ರೀ! ಕಪ್ಪು ಜನರನ್ನು ಮರಕ್ಕೆ ನೇತುಹಾಕುವವರ ಜೊತೆ ಕೂತು ಏನು ಮಾತು? ಅವರೂ ಬೆರಕೆ ಬೇಡ ಅಂತಾರೆ, ನಾವೂ ಬೇಡ ಅಂತೀವಿ ಅನ್ನುವ ತರ್ಕ. ಇದಕ್ಕೆ ಯಾವ ತೇರಿನ ಹೋಲಿಕೆ ತರ್ತೀರಿ?

ನೀಲಿಬಾವುಟ:
ಇದಕ್ಕೆ ಸಮರ್ಥನೆ ಇಲ್ಲ. ಅವರದ್ದೇ ಜನ ಅಂದು ದೂರ ಸರಿದರು. ರ‍್ಯಾಂಡಾಲ್ಫ್, ಓವೆನ್ ಎಂಬ ಕಪ್ಪು ಸಮಾಜವಾದಿಗಳ ಪತ್ರಿಕೆ ‘ಗಾರ್ವಿ ತೊಲಗಲಿ’ ಅಂತ ಚಳವಳಿಯನ್ನೇ ಮಾಡಿತು. 1923ರ ಜನವರಿಯಲ್ಲಿ ಎಂಟು ಕಪ್ಪು ಮುಖಂಡರು ಸರ್ಕಾರಕ್ಕೆ ಪತ್ರ ಬರೆದು ಕೇಸ್ ಬೇಗ ನಡೆಸಿ ಅಂದರು. ಅದೇ ತಿಂಗಳ ಮೊದಲ ದಿನ, ಸಂಘ ಹೊರಹಾಕಿದ್ದ, ಗಾರ್ವಿ ವಿರುದ್ಧ ಸಾಕ್ಷಿ ಹೇಳಬೇಕಾಗಿದ್ದ ಜೇಮ್ಸ್ ಈಸನ್ ಮೇಲೆ ನ್ಯೂ ಆರ್ಲಿಯನ್ಸ್‌ನಲ್ಲಿ ಗುಂಡಿನ ದಾಳಿ. ಅವರು ಉಳಿಯಲಿಲ್ಲ. ಸಿಕ್ಕಿಬಿದ್ದವರು ಗಾರ್ವಿ ಕಡೆಯವರು, ಆಮೇಲೆ ಬಿಡುಗಡೆ ಆದರು. ಇದನ್ನೆಲ್ಲ ಮುಚ್ಚಿಟ್ಟು ಪಾಠ ಮಾಡಬೇಡಿ ಮೇಷ್ಟ್ರೇ.

ಕೊಪ್ಪದ ಮೇಷ್ಟ್ರು:
ಮುಚ್ಚಿಡುವುದಿಲ್ಲ. ಆ ಕಾಲದ ಇನ್ನೊಬ್ಬ ದೊಡ್ಡ ಕಪ್ಪು ಮುಖಂಡ ಡು ಬಾಯ್ಸ್ ಜೊತೆಗಿನ ಜಗಳವನ್ನೂ ಹೇಳುತ್ತೇನೆ. ಗಾರ್ವಿ ಡು ಬಾಯ್ಸ್ ಅವರನ್ನು ಮೈಬಣ್ಣ ಹಿಡಿದು ಆಡಿಕೊಂಡರು. 1924ರಲ್ಲಿ ಡು ಬಾಯ್ಸ್ ತಮ್ಮ ಪತ್ರಿಕೆಯಲ್ಲಿ, ಈತ ಹುಚ್ಚನೋ ದ್ರೋಹಿಯೋ ಅಂತ ಬರೆದರು. ಇಬ್ಬರೂ ದೊಡ್ಡವರು, ಇಬ್ಬರೂ ಸಣ್ಣ ಮಾತಾಡಿದರು.

ಆಮೇಲಿನದು ನೋಡಿ. 1934ರಲ್ಲಿ ಡು ಬಾಯ್ಸ್ ತಾವೇ ಕಟ್ಟಿದ ಸಂಸ್ಥೆ ಬಿಟ್ಟು ಹೊರಬಂದರು. ಕಪ್ಪು ಜನ ತಮ್ಮದೇ ಸಹಕಾರಿ ಆರ್ಥಿಕತೆ ಕಟ್ಟಿಕೊಳ್ಳಬೇಕು ಅಂತ ಬರೆಯತೊಡಗಿದ್ದೇ ಜಗಳದ ಮೂಲ. ತೊಂಬತ್ತು ದಾಟಿದ ಮೇಲೆ ಘಾನಾಕ್ಕೆ ಹೋಗಿ ನೆಲೆಸಿ, 1963ರಲ್ಲಿ ಅಲ್ಲೇ ತೀರಿಕೊಂಡರು. ಘಾನಾದ ಬಾವುಟದ ನಡುವೆ ಏನಿದೆ? ಕಪ್ಪು ನಕ್ಷತ್ರ. ಗಾರ್ವಿಯ ಹಡಗು ಕಂಪನಿಯ ಹೆಸರಿನಿಂದಲೇ ಬಂದದ್ದು. ಎನ್‌ಕ್ರುಮಾ ಎಂಬ ಘಾನಾದ ಮೊದಲ ಮುಖಂಡರು ತಮ್ಮ ದೇಶದ ಹಡಗು ಸಂಸ್ಥೆಗೂ ಬ್ಲ್ಯಾಕ್ ಸ್ಟಾರ್ ಲೈನ್ ಅಂತಲೇ ಹೆಸರಿಟ್ಟರು.

ಗಾರ್ವಿ ಮಾತ್ರ ಆಫ್ರಿಕಾದ ಮಣ್ಣು ಒಂದು ಸಲವೂ ಮೆಟ್ಟಲಿಲ್ಲ.

ಹಾರ್ಲೆಮ್ ಪಕ್ಕದಮನೆ:
ಹೋಗಲು ಬಿಡಲಿಲ್ಲ ಅನ್ನಿ. ಆಫ್ರಿಕಾದ ಲೈಬೀರಿಯಾದಲ್ಲಿ ಕಪ್ಪು ಜನರ ಊರು ಕಟ್ಟುವ ಯೋಜನೆ ಸಂಘಕ್ಕೆ ಇತ್ತು. ಅದರ ಕಥೆಯೂ ಗಾರ್ವಿ ಥರವೇ. 1920ರಲ್ಲಿ ನೋಡಿಬರಲು ಕಳಿಸಿದ ಎಲೀ ಗಾರ್ಸಿಯಾ ಒಂದು ಗುಟ್ಟಿನ ವರದಿ ಬರೆದರು. ಅಮೆರಿಕದಿಂದ ಹೋಗಿ ಅಲ್ಲಿ ಆಳುತ್ತಿರುವ ಕಪ್ಪು ಶ್ರೀಮಂತರೇ ಸ್ಥಳೀಯರನ್ನು ಗುಲಾಮರ ಹಾಗೆ ನಡೆಸಿಕೊಳ್ಳುತ್ತಿದ್ದಾರೆ ಅಂತ. ಆ ವರದಿ ಲೈಬೀರಿಯಾದ ಅಧ್ಯಕ್ಷ ಕಿಂಗ್ ಕೈಗೇ ಸಿಕ್ಕಿತು! 1924ರಲ್ಲಿ ಸಂಘದ ತಂತ್ರಜ್ಞರು ಹೋಗಿ ಇಳಿದರೆ ಹಿಡಿದು ವಾಪಸ್ ಕಳಿಸಿದರು. ಎರಡು ವರ್ಷದಲ್ಲಿ ಫೈರ್‌ಸ್ಟೋನ್ ರಬ್ಬರ್ ಕಂಪನಿಗೆ ಹತ್ತು ಲಕ್ಷ ಎಕರೆ, 99 ವರ್ಷದ ಗುತ್ತಿಗೆ.

ಕಡಲಕೋಳಿ:
ತೂತುಕುಡಿಯ ಚಿದಂಬರಂ ಪಿಳ್ಳೆ ನೆನಪಾಗ್ತಾರೆ. 1906ರಲ್ಲಿ ಸ್ವದೇಶಿ ಹಡಗು ಕಂಪನಿ, ಶೇರು ಮಾರಿಯೇ ಕಟ್ಟಿದ್ದು. ಬ್ರಿಟಿಷ್ ಕಂಪನಿ ದರ ಇಳಿಸಿ ಇಳಿಸಿ ಉಸಿರು ಕಟ್ಟಿಸಿತು. 1908ರಲ್ಲಿ ಪಿಳ್ಳೆ ಜೈಲಿಗೆ. ಕಂಪನಿ ಮುಳುಗಿತು. ಅವರನ್ನು ನಾವು ಮೋಸಗಾರ ಅಂತೇವಾ?

ಡೆಬಿಟ್ ಕ್ರೆಡಿಟ್:
ಇಲ್ಲ. ಪಿಳ್ಳೆಯವರ ಹಡಗು ಕೊಲಂಬೋಗೆ ಓಡಿತು, ಎದುರಾಳಿಯ ಹೊಟ್ಟೆ ಉರಿಯುವಷ್ಟು ಜನ ಹತ್ತಿದರು. ಗಾರ್ವಿಯ ಹಡಗಿಗೆ ಎದುರಾಳಿಯೇ ಬೇಕಾಗಿರಲಿಲ್ಲ.

ಧಾರವಾಡ ಪೇಡಾ:
ಆಹಾ, ಹೊಡೆತ!

ನೀಲಿಬಾವುಟ:
ಇಂಡಿಯಾ ಮಾತು ಬಂತಲ್ಲ. ಬಾಬಾಸಾಹೇಬರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಹಾರ್ಲೆಮ್‌ಗೆ ನಡೆದು ಹೋಗುವಷ್ಟೇ ದೂರ. ಗಾರ್ವಿ ನ್ಯೂಯಾರ್ಕಿಗೆ ಬಂದದ್ದು 1916ರ ಮಾರ್ಚ್‌ನಲ್ಲಿ. ಇಬ್ಬರೂ ಭೇಟಿಯಾದರು ಅಂತ ವಾಟ್ಸಾಪಿನಲ್ಲಿ ತಿರುಗುವುದನ್ನು ನಂಬಬೇಡಿ, ಆಧಾರ ಇಲ್ಲ. ಆಧಾರ ಇರುವುದು 1946ರ ಪತ್ರಕ್ಕೆ, ಬಾಬಾಸಾಹೇಬರು ಡು ಬಾಯ್ಸ್‌ಗೆ ಬರೆದದ್ದು. ಗಾರ್ವಿ ಗಾಂಧಿಯವರನ್ನು ತಮ್ಮ ಭಾಷಣಗಳಲ್ಲಿ ಮೆಚ್ಚಿ ಮಾತಾಡಿದ್ದಾರೆ. ಅವರ ನೀಗ್ರೋ ವರ್ಲ್ಡ್ ಪತ್ರಿಕೆ ನಮ್ಮ ಚಳವಳಿಯ ಸುದ್ದಿ ಹಾಕುತ್ತಿತ್ತು. ಆ ಪತ್ರಿಕೆಯನ್ನು ಹಲವು ವಸಾಹತುಗಳಲ್ಲಿ ನಿಷೇಧಿಸಿದ್ದರು. ಹಡಗಿನ ಕೂಲಿಗಳು ಬಚ್ಚಿಟ್ಟು ಸಾಗಿಸುತ್ತಿದ್ದರು. ಬಿಳಿಯರ ಹಡಗುಗಳಲ್ಲಿ!

ಕಡಲಕೋಳಿ:
ನೋಡಿ, ಅದೇ. ಗಾರ್ವಿಯ ಸರಕು ಬೇರೆಯವರ ಹಡಗಲ್ಲಿ ಸರಿಯಾಗಿ ಮುಟ್ಟಿತು.

ಹ್ಯೂ ಮುಲ್ಜ್ಯಾಕ್ ಏನಾದರು ಅಂತ ಹೇಳಿ ಮುಗಿಸ್ತೇನೆ. ಮಾಸ್ಟರ್ ಸರ್ಟಿಫಿಕೇಟ್ ಇದ್ದೂ ಇಪ್ಪತ್ತು ವರ್ಷ ಯಾರೂ ಅವರಿಗೆ ಹಡಗು ಕೊಡಲಿಲ್ಲ. ಅಡುಗೆ ಮಾಡಿದರು, ಊಟ ಬಡಿಸಿದರು. 1942ರಲ್ಲಿ ಯುದ್ಧ ಬಂದು ಕ್ಯಾಪ್ಟನ್‌ಗಳಿಗೆ ಬರ ಬಂದಾಗ ಕರೆದರು. ಕಪ್ಪು ಸಿಬ್ಬಂದಿ ಮಾತ್ರ ಅಂದರೆ ಬರುವುದಿಲ್ಲ, ಎಲ್ಲ ಬಣ್ಣದವರೂ ಇರಬೇಕು ಅಂತ ಷರತ್ತು ಹಾಕಿ, ಗೆದ್ದು, ಬುಕರ್ ಟಿ. ವಾಷಿಂಗ್ಟನ್ ಎಂಬ ಹಡಗು ನಡೆಸಿದರು. ವಯಸ್ಸು 56. ಯಾರ್ಮೌತಿನ ಬಗ್ಗೆ ಅಷ್ಟು ಬೈದು ಬರೆದವರೂ ಇವರೇ. ಅದರಲ್ಲಿ ಕೆಲಸ ಮಾಡಿದ್ದಕ್ಕೆ ನಾಚಿಕೆ ಪಟ್ಟುಕೊಂಡವರಲ್ಲ.

ಶರಾವತಿ ಹುಡುಗಿ:
ಮೇಷ್ಟ್ರೇ, ಪಾಠ ಯಾವಾಗ?

ಕೊಪ್ಪದ ಮೇಷ್ಟ್ರು:
ಇವತ್ತು ಬೆಳಿಗ್ಗೆಯೇ ಆಯಿತು. ಹಡಗು, ವಿಸ್ಕಿ, ಖಾಲಿ ಲಕೋಟೆ, ಅಟ್ಲಾಂಟಾ ಎಲ್ಲ ಹೇಳಿದೆ. 1927ರಲ್ಲಿ ಗಡೀಪಾರು, 1940ರಲ್ಲಿ ಲಂಡನ್ನಿನಲ್ಲಿ ಸಾವು, 1964ರಲ್ಲಿ ದೇಹವನ್ನು ಜಮೈಕಾಕ್ಕೆ ತಂದು ರಾಷ್ಟ್ರವೀರ ಅಂದದ್ದು, ಅದನ್ನೂ ಹೇಳಿದೆ. ಕೊನೆಗೆ ಒಬ್ಬ ಹುಡುಗಿ ಎದ್ದು ಕೇಳಿದಳು: ಸರ್, ಕಂಪನಿ ಮುಳುಗಿದ ಮೇಲೆ ಆ ಶೇರು ಕಾಗದಗಳನ್ನು ಅವರು ಏನು ಮಾಡಿದರು?

ನನಗೆ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆ ಅಂದೆ.

ಹಾರ್ಲೆಮ್ ಪಕ್ಕದಮನೆ:
ಇಟ್ಟುಕೊಂಡರು ಸರ್. ಎಲ್ಲರೂ ಅಂತ ಹೇಳಲಾರೆ, ಆದರೆ ತುಂಬಾ ಜನ. ಇವತ್ತಿಗೂ ಆ ಪತ್ರಗಳು ಮ್ಯೂಸಿಯಂಗಳಲ್ಲಿ, ಹರಾಜುಗಳಲ್ಲಿ ಕಾಣಸಿಗುತ್ತವೆ. ಮಡಚಿದ ಗುರುತು ಇರುತ್ತದೆ, ಹರಿದಿರುವುದಿಲ್ಲ. ಒಂದು ಕಾಸೂ ಬಾಳದ ಕಾಗದವನ್ನು ಯಾರೋ ಪೆಟ್ಟಿಗೆಯಲ್ಲಿ ಇಟ್ಟು, ಅವರ ಮಕ್ಕಳು ಇಟ್ಟು, ಹಾಗೆ ಉಳಿದದ್ದು.

ಡೆಬಿಟ್ ಕ್ರೆಡಿಟ್:
ಮೇಷ್ಟ್ರೇ, ಕೇಳಬಾರದೇನೋ. ನಿಮ್ಮ ಅಜ್ಜಿಯ ಪಾಸ್‌ಬುಕ್ ಇದೆಯಾ?

ಕೊಪ್ಪದ ಮೇಷ್ಟ್ರು:
ಇಲ್ಲ ಸರ್. ಬೀಗ ನೋಡಿ ಬಂದ ದಿನವೇ ಬಚ್ಚಲ ಹಂಡೆ ಒಲೆಗೆ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಡೆಬಿಟ್ ಕ್ರೆಡಿಟ್:
ಹೂಂ. ನಾಳೆ ಆ ಹುಡುಗಿಗೆ ಏನು ಹೇಳಿದಿರಿ ಅಂತ ಇಲ್ಲಿ ಬರೆಯಿರಿ.